ಗೋಡೆಗೆ ನೆಲ್ಲಿಕಾಯಿ

ನಮ್ಮೂರಿನಲ್ಲಿ ಬಾಗಿಲು ಬಾಗಿಲಾಗಿ ಉಳಿಯಬೇಕಾದರೆ ಅದರಲ್ಲಿ ಯಾರಾದರೂ ಓಡಾಡುತ್ತಿರಬೇಕು. ಬಹಳ ಕಾಲ ಯಾರೂ ದಾಟದೆ ಬಿಟ್ಟರೆ ಗೋಡೆ ಎರಡೂ ಕಡೆಯಿಂದ ಬೆಳೆದು ಕೂಡಿಕೊಳ್ಳುತ್ತದೆ, ಓಲೆ ಹಾಕದೆ ಬಿಟ್ಟ ಕಿವಿಯ ತೂತು ಮುಚ್ಚಿಕೊಳ್ಳುವ ಹಾಗೆ. ಮೊಳೆ ಹೊಡೆದರೆ ಅದರ ಸುತ್ತ ಕೆಂಪಗೆ ಊದಿಕೊಳ್ಳುತ್ತದೆ, ಆಮೇಲೆ ಚಕ್ಕೆಗಟ್ಟಿ ಉದುರಿ ವಾಸಿಯಾಗುತ್ತದೆ. ಮಳೆಗಾಲದಲ್ಲಿ ಬಿಟ್ಟ ಬಿರುಕು ದೀಪಾವಳಿಯ ಹೊತ್ತಿಗೆ ಕಾಣುವುದಿಲ್ಲ. ಹೀಗಾಗಿ ಊರಿನಲ್ಲಿ ಗಾರೆ ಕೆಲಸದವರಿಗಿಂತ ಹಣ್ಣು ಮಾರುವವರೇ ಹೆಚ್ಚು.

ಮನೆಗೂ ಹೊಟ್ಟೆಯಿದೆ. ಒಲೆಯ ಪಕ್ಕದ ಗೋಡೆಯಲ್ಲಿ ಅಂಗೈ ಅಗಲದ ಒಂದು ಗೂಡಿರುತ್ತದೆ. ಅಡುಗೆ ಮುಗಿದ ಕೂಡಲೇ ಪ್ರತಿ ಪಾತ್ರೆಯಿಂದಲೂ ಮೊದಲ ಸೌಟು ಅದಕ್ಕೆ, ಆಮೇಲೆ ಮನೆಯವರ ತಟ್ಟೆಗೆ. ಗೋಡೆಗೊಂದು ಅಡುಗೆ, ತಮಗೊಂದು ಅಡುಗೆ ಮಾಡಿಕೊಳ್ಳುವ ಜನ ನಮ್ಮಲ್ಲಿ ಇಲ್ಲ; ಹಾಗೆ ಮಾಡಿದವರ ಮನೆಯಲ್ಲಿ ಯಾರೂ ನೀರು ಕೂಡ ಮುಟ್ಟುವುದಿಲ್ಲ. ಆದ್ದರಿಂದ ಒಬ್ಬರು ಏನು ಉಣ್ಣುತ್ತಾರೆ ಎನ್ನುವುದು ಅವರ ಗೋಡೆಯಲ್ಲಿ ಬರೆದಿರುತ್ತದೆ. ಹೆಣ್ಣು ನೋಡಲು ಬಂದ ಹಿರಿಯರು ಉಪ್ಪಿಟ್ಟು ತಿನ್ನುತ್ತಾ, ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುತ್ತಾ, ಹಿಂದೆ ಕೈ ಚಾಚಿ ಹೆಬ್ಬೆರಳಿನಿಂದ ಗೋಡೆಯನ್ನು ಒತ್ತಿ ನೋಡುತ್ತಾರೆ. ಒತ್ತಿದ ಗುಳಿ ಕೂಡಲೇ ತುಂಬಿಕೊಂಡರೆ ಸಂಬಂಧ ಮುಂದುವರಿಯುತ್ತದೆ.

ನಾನು ಸುಲೋಚನ, ಇಲ್ಲಿನ ಪುರಸಭೆಯ ಗೋಡೆ ಪರೀಕ್ಷಕಿ. ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಓದಿದ್ದೇನೆ. ನನ್ನ ಚೀಲದಲ್ಲಿ ಒಂದು ಬಾಟಲಿ ಅಯೋಡಿನ್, ಇನ್ನೊಂದರಲ್ಲಿ ತಿಳಿ ಗಂಜಿ, ಒಂದು ಹನಿಗೊಳವೆ ಯಾವಾಗಲೂ ಇರುತ್ತವೆ. ಗಂಜಿಗೆ ಅಯೋಡಿನ್ ಬಿಟ್ಟರೆ ಕಡುನೀಲಿಯಾಗುತ್ತದೆ. ಆ ನೀಲಿಗೆ ನಿಂಬೆಯ ರಸವನ್ನೋ ಸೀಬೆಯ ರಸವನ್ನೋ ತೊಟ್ಟಿಕ್ಕಿದರೆ ಬಣ್ಣ ಮಾಯವಾಗುತ್ತದೆ. ಎಷ್ಟು ಬೇಗ ಮಾಯವಾಗುತ್ತದೋ ಅಷ್ಟು ಸಿ ವಿಟಮಿನ್ ಅದರಲ್ಲಿದೆ ಎಂದರ್ಥ. ಊರಿನವರು ಆ ವಿಟಮಿನ್ನನ್ನು ಅಂಟು ಎನ್ನುತ್ತಾರೆ. ಹೆಸರು ತಪ್ಪೇನಲ್ಲ. ಚರ್ಮ, ವಸಡು, ರಕ್ತನಾಳ, ಮೂಳೆ ಎಲ್ಲವನ್ನೂ ಹಿಡಿದಿಡುವ ನಾರೊಂದಿದೆ, ಕೊಲಾಜೆನ್ ಎಂದು. ಆ ನಾರನ್ನು ಗಟ್ಟಿಯಾಗಿ ಹೊಸೆಯಲು ಈ ವಿಟಮಿನ್ ಬೇಕೇ ಬೇಕು. ಹಸು, ನಾಯಿ, ಬೆಕ್ಕುಗಳು ಅದನ್ನು ತಮ್ಮ ಮೈಯೊಳಗೇ ತಯಾರಿಸಿಕೊಳ್ಳುತ್ತವೆ. ಮನುಷ್ಯರಿಗೆ ಆ ಭಾಗ್ಯವಿಲ್ಲ, ನಮ್ಮೂರಿನ ಮನೆಗಳಿಗೂ ಇಲ್ಲ. ಹೆಚ್ಚು ಕಾಲಕ್ಕೆ ಕೂಡಿಡುವುದಕ್ಕೂ ಆಗುವುದಿಲ್ಲ. ಜಾಸ್ತಿ ಆದದ್ದು ನಮಗಾದರೆ ಮೂತ್ರದಲ್ಲಿ, ಮನೆಗಾದರೆ ಬಚ್ಚಲ ಮೋರಿಯಲ್ಲಿ ಹೋಗಿಬಿಡುತ್ತದೆ. ದಿನವೂ ಒಂದಿಷ್ಟು ತಿನ್ನಬೇಕು, ಅಷ್ಟೇ.

ಮಾವಿನಕಾಯಿಯ ಕಾಲದಲ್ಲಿ ಮಹಿಳಾ ಸಮಾಜದವರು ನನ್ನಿಂದ ಒಂದು ಭಾಷಣ ಮಾಡಿಸಿದ್ದರು. ಹುಳಿ ಇದ್ದ ಕಡೆಯೆಲ್ಲ ಅಂಟಿದೆ ಎಂದು ನಂಬಿದ ಊರು ಇದು. ಗೋಡೆಗೆ ಮಜ್ಜಿಗೆ ಸುರಿಯುವವರಿದ್ದಾರೆ, ಹುಣಸೆಹಣ್ಣು ಕಿವುಚಿ ಹಾಕುವವರಿದ್ದಾರೆ. ಮಜ್ಜಿಗೆಯಲ್ಲೂ ಹುಣಸೆಯಲ್ಲೂ ಸಿ ವಿಟಮಿನ್ ಇಲ್ಲವೆನ್ನುವಷ್ಟು ಕಡಿಮೆ, ಹುಳಿಯೇ ಇಲ್ಲದ ನುಗ್ಗೆಸೊಪ್ಪಿನಲ್ಲಿ ಬೇಕಾದಷ್ಟಿದೆ ಎಂದಾಗ ಸಭೆಯಲ್ಲಿ ಗುಸುಗುಸು ಎದ್ದಿತು. ನಿಂಬೆಗಿಂತ ಸೀಬೆಯಲ್ಲಿ ಹೆಚ್ಚು, ಸೀಬೆಗಿಂತ ಬೆಟ್ಟದ ನೆಲ್ಲಿಕಾಯಿಯಲ್ಲಿ ಹೆಚ್ಚು ಎಂದು ನೀಲಿ ಬಣ್ಣ ಕಳೆದು ತೋರಿಸಿದೆ. ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಎಲೆಕೋಸು, ಮೊಳಕೆ ಬಂದ ಹೆಸರುಕಾಳನ್ನೂ ಹೇಳಿದೆ. ಸೊಪ್ಪಿನ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಸೊಪ್ಪಿನಲ್ಲಿರುವ ಕಬ್ಬಿಣವೂ ಮೈಗೆ ಚೆನ್ನಾಗಿ ಹತ್ತುತ್ತದೆ ಎಂದೆ. ಅಂಟು ತಪ್ಪಿದರೆ ಹಳೆಯ ಗಾಯವೂ ತಾನಾಗಿ ಬಿಚ್ಚಿಕೊಳ್ಳುತ್ತದೆ ಎಂದು ಎಚ್ಚರಿಸಿ, ಕೊನೆಗೆ ಏನು ಮಾಡಬಾರದು ಎಂದೂ ಹೇಳಿದೆ: ತಾಮ್ರದ ಪಾತ್ರೆಯಲ್ಲಿ ಬೇಯಿಸಬೇಡಿ, ಅಡುಗೆ ಸೋಡಾ ಹಾಕಬೇಡಿ, ಮುಚ್ಚಳ ತೆಗೆದು ಗಂಟೆಗಟ್ಟಲೆ ಕುದಿಸಬೇಡಿ, ಹೆಚ್ಚಿದ್ದನ್ನು ನೀರಿನಲ್ಲಿ ನೆನೆಹಾಕಿ ಆ ನೀರು ಚೆಲ್ಲಬೇಡಿ. ಮುಂದಿನ ಸಾಲಿನಲ್ಲಿ ಕೂತಿದ್ದ ಹೊನ್ನಕ್ಕ ಎದ್ದು, "ಸೋಡಾ ಹಾಕಿದ್ರೆ ಪೂರ್ತಿ ಹೋಗುತ್ತೋ, ಇಲ್ಲಾ ಒಂಚೂರು ಉಳ್ಕೊಳ್ಳುತ್ತೋ?" ಎಂದು ಕೇಳಿದರು. ಇಷ್ಟು ಗಮನವಿಟ್ಟು ಕೇಳುವವರು ಒಬ್ಬರಾದರೂ ಇದ್ದಾರಲ್ಲ ಎಂದು ನನಗೆ ಖುಷಿಯಾಗಿ, ತಾಮ್ರ, ಸೋಡಾ, ಕುದಿತ ಮೂರೂ ಸೇರಿದರೆ ಏನೂ ಉಳಿಯುವುದಿಲ್ಲ ಎಂದು ವಿವರವಾಗಿ ಹೇಳಿದ್ದೆ.

ಸೀಬೆಹಣ್ಣು ಬರುವ ಕಾಲಕ್ಕೆ ಅದೇ ಹೊನ್ನಕ್ಕನ ಮನೆಗೆ ಕಾಯಿಲೆ ಬಂದಿದೆ ಎಂದು ನೆರೆಯವರು ಪುರಸಭೆಗೆ ದೂರು ಕೊಟ್ಟರು.

ಹೊನ್ನಕ್ಕನಿಗೆ ಅರವತ್ತು ಕಳೆದಿತ್ತು. ಗಂಡ ತೀರಿಕೊಂಡ ಮೇಲೆ ರವಿಕೆ ಹೊಲಿದುಕೊಂಡು ಒಬ್ಬರೇ ಇದ್ದರು. ಅವರ ತಮ್ಮ ಮರುಳಪ್ಪನ ಹೋಟೆಲು ಅದೇ ಮನೆಯ ಬೆನ್ನಿಗೆ, ಹಿಂದಿನ ಬೀದಿಗೆ ಮುಖ ಮಾಡಿಕೊಂಡಿತ್ತು. ಎರಡೂ ಒಂದು ಕಾಲಕ್ಕೆ ಒಂದೇ ಮನೆ. ಮುಂದೆ ಅಕ್ಕನ ಸಂಸಾರ, ಹಿಂದೆ ತಮ್ಮನ ಹೋಟೆಲು, ನಡುವೆ ಒಂದು ಒಳಬಾಗಿಲು. ನನ್ನ ಭಾಷಣಕ್ಕೂ ಎಷ್ಟೋ ವರ್ಷ ಮೊದಲು, ಹೋಟೆಲಿನ ಸೊಪ್ಪಿನ ಪಲ್ಯ ಹಸಿರು ಮಾಸದಿರಲಿ ಎಂದು ಮರುಳಪ್ಪ ಚಿಟಿಕೆ ಸೋಡಾ ಹಾಕುತ್ತಿದ್ದದ್ದನ್ನು ಅಕ್ಕ ಗಿರಾಕಿಗಳ ಎದುರಿಗೇ ಬೈದರು. "ನಿನ್ನ ಅಡುಗೆಗೆ ನೊಣಾನೂ ಬರಲ್ಲ, ನನಗೆ ಬುದ್ಧಿ ಹೇಳ್ಬೇಡ" ಎಂದು ಅವನು ಅಂದನಂತೆ. ಅವತ್ತಿನಿಂದ ಒಳಬಾಗಿಲನ್ನು ಇಬ್ಬರೂ ದಾಟಲಿಲ್ಲ. ಬಾಗಿಲು ತನ್ನ ಪಾಡಿಗೆ ತಾನು ಮುಚ್ಚಿಕೊಂಡಿತು. ಈಗ ಅಲ್ಲಿ ಒಂದು ಉದ್ದನೆಯ ಗಾಯದ ಕಲೆ ಇದೆ.

ನಾನು ಹೋದಾಗ ಹೊನ್ನಕ್ಕ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದರು, ಆದರೆ ಪೆಡಲು ತುಳಿಯುತ್ತಿರಲಿಲ್ಲ. "ಬಾರಮ್ಮ ಗೋಡೆ ಡಾಕ್ಟ್ರೇ. ಒತ್ತು, ಒತ್ತು. ಒತ್ತೋಕೇ ತಾನೇ ಬಂದಿರೋದು?" ಎಂದರು. ನಾನು ಪಡಸಾಲೆಯ ಗೋಡೆಯನ್ನು ಒತ್ತಿದೆ. ಹೆಬ್ಬೆರಳಿನ ಗುಳಿ ಹಾಗೆಯೇ ನಿಂತಿತು. ಗೋಡೆಯ ಬುಡದಲ್ಲಿ, ನೆಲ ಸೇರುವ ಕಡೆ, ಕೆಂಪು ಜಿನುಗಿ ಸುಣ್ಣ ಊದಿಕೊಂಡಿತ್ತು. ಕಿಟಕಿಯ ಪಕ್ಕ ಯಾವ ಕಾಲದಲ್ಲೋ ಮುಚ್ಚಿದ್ದ ಮೊಳೆಯ ತೂತುಗಳೆಲ್ಲ ಮತ್ತೆ ಬಾಯಿ ಬಿಟ್ಟಿದ್ದವು. ಸಂದೇಹಕ್ಕೆ ಎಡೆಯೇ ಇರಲಿಲ್ಲ. ಅಂಟು ತಪ್ಪಿದ ಮೈಯಲ್ಲೂ ಇದೇ ಆಗುವುದು: ವಸಡಿನಲ್ಲಿ ರಕ್ತ, ಕಾಲಿನಲ್ಲಿ ಪೆಟ್ಟಿಲ್ಲದೆ ಕಪ್ಪುಗಟ್ಟುವ ಕಲೆ, ಸುಸ್ತು, ಕೊನೆಗೆ ಹಳೆಯ ಗಾಯಗಳು ಬಿಚ್ಚಿಕೊಳ್ಳುವುದು.

ಅಡುಗೆಮನೆಗೆ ಹೋಗಿ ನೋಡಿದರೆ ನಂಬುವಂತಿರಲಿಲ್ಲ. ಬುಟ್ಟಿಯಲ್ಲಿ ಸೀಬೆಹಣ್ಣು, ಮೊರದಲ್ಲಿ ಬಿಡಿಸಿಟ್ಟ ನುಗ್ಗೆಸೊಪ್ಪು, ಮಡಕೆಯಲ್ಲಿ ನಿಂಬೆಹಣ್ಣು. ಒಂದೊಂದರ ರಸವನ್ನೂ ಹಿಂಡಿ ಪರೀಕ್ಷಿಸಿದೆ. ನೀಲಿ ಬಣ್ಣ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಯಿತು. "ದಿನಾ ಇದೇ ತಿಂತೀರಾ?" ಎಂದೆ. "ಇನ್ನೇನು ಮಣ್ಣು ತಿಂತೀನಾ?" ಎಂದು ಹೊನ್ನಕ್ಕ ನಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಅದಕ್ಕಿಂತ ವಿಚಿತ್ರ ಇನ್ನೊಂದಿತ್ತು. ಅಂಟು ಕಡಿಮೆಯಾದಾಗ ಮೊದಲು ಬಿಚ್ಚಿಕೊಳ್ಳಬೇಕಾದದ್ದು ದೊಡ್ಡ ಕಲೆ. ಗಾಯ ಮುಚ್ಚಿದ ಜಾಗದಲ್ಲಿ ನಾರು ದಿನವೂ ಸವೆಯುತ್ತಾ ದಿನವೂ ಹೊಸದಾಗುತ್ತಾ ಇರಬೇಕು. ಪೂರೈಕೆ ನಿಂತರೆ ಮೊದಲ ಪೆಟ್ಟು ಅದಕ್ಕೇ. ಆದರೆ ಈ ಮನೆಯಲ್ಲಿ ಸಣ್ಣ ಮೊಳೆಯ ತೂತುಗಳು ಕೂಡ ಬಿಚ್ಚಿಕೊಂಡಿದ್ದರೂ ಒಳಬಾಗಿಲಿನ ಕಲೆ ಮಾತ್ರ ಗಟ್ಟಿಯಾಗಿ ನಿಂತಿತ್ತು. ಒತ್ತಿದೆ. ಎಳೆ ಮಗುವಿನ ಕೆನ್ನೆಯ ಹಾಗೆ ಪುಟಿಯಿತು. "ಅದೊಂದು ದರಿದ್ರ ಗೋಡೆ!" ಎಂದು ಹೊನ್ನಕ್ಕ ಸಿಡುಕಿದರು. ಗೋಡೆ ಗಟ್ಟಿ ಇದ್ದದ್ದಕ್ಕೆ ಬೈದವರನ್ನು ನಾನು ಅದೇ ಮೊದಲು ನೋಡಿದ್ದು.

ನಿಯಮ ಅವರಿಗೂ ಗೊತ್ತಿತ್ತು, ಆದರೂ ಹೇಳಿದೆ. ಬರುವ ಸೋಮವಾರ ಪುರಸಭೆಯ ಅಧ್ಯಕ್ಷ ಗುರುಪಾದಪ್ಪನವರು ನನ್ನ ಜೊತೆ ಬಂದು ಮತ್ತೊಮ್ಮೆ ನೋಡುತ್ತಾರೆ. ಗೋಡೆ ಹೀಗೇ ಇದ್ದರೆ ಸಹಿಸಬಹುದು, ಔಷಧಿ ಮಾಡಬಹುದು. ಆದರೆ ಆಳು ಅಗಲದ ಬಿರುಕೇನಾದರೂ ಬಿಟ್ಟಿದ್ದರೆ ಮನೆ ಖಾಲಿ ಮಾಡಿಸಿ, ಹೊನ್ನಕ್ಕನನ್ನು ಊರಾಚೆಯ ಕಲ್ಲುಛತ್ರಕ್ಕೆ ಕಳಿಸಬೇಕಾಗುತ್ತದೆ. ಕಲ್ಲಿಗೆ ಹಸಿವಿಲ್ಲ, ಅದು ಬೀಳುವುದೂ ಇಲ್ಲ. ಒಮ್ಮೆ ಅಲ್ಲಿಗೆ ಹೋದವರು ವಾಪಸು ಬಂದದ್ದು ಕಡಿಮೆ. "ಸೋಮವಾರಾನಾ?" ಎಂದು ಹೊನ್ನಕ್ಕ ಕಲೆಯ ಕಡೆ ನೋಡಿದರು. "ಸಾಲುತ್ತೋ ಇಲ್ವೋ" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ವಾಸಿಯಾಗಲು ಸಾಲುತ್ತದೋ ಇಲ್ಲವೋ ಎಂದು ನಾನು ಅರ್ಥ ಮಾಡಿಕೊಂಡೆ.

ಗೋಡೆಗೆ ಎರಡು ಮುಖ ಇರುತ್ತವೆ. ಅದರ ಇನ್ನೊಂದು ಮುಖ ನೋಡಲು ಹಿಂದಿನ ಬೀದಿಗೆ ಹೋದೆ. ಮರುಳಪ್ಪನವರು ಗಲ್ಲಾಪೆಟ್ಟಿಗೆಯ ಹಿಂದೆ ಕುರ್ಚಿ ತುಂಬ ಕೂತಿದ್ದರು. ನನ್ನನ್ನು ಕಂಡೊಡನೆ ಪಕ್ಕದ ಮೇಜನ್ನು ಒರೆಸತೊಡಗಿದರು. ಅದು ಆಗಲೇ ಒರೆಸಿದ ಮೇಜು. "ಆ ಮನೆ ಹೆಂಗಿದೆಯಂತೆ? ನನಗೇನೂ ಸಂಬಂಧ ಇಲ್ಲ, ಗಿರಾಕಿಗಳು ಮಾತಾಡ್ಕೋತಿದ್ರು, ಅದಕ್ಕೆ ಕೇಳ್ದೆ" ಎಂದರು. "ಚೆನ್ನಾಗಿಲ್ಲ" ಎಂದೆ. ಒರೆಸುವ ಕೈ ನಿಂತಿತು. "ಬೀಳುತ್ತಾ?"

ಉತ್ತರ ಕೊಡುವ ಮೊದಲು ಉಗ್ರಾಣ ನೋಡಬೇಕು ಎಂದೆ. ಒಣಮೆಣಸಿನಕಾಯಿ ಮೂಟೆಗಳ ಹಿಂದೆ ಕಲೆ ಇತ್ತು. ಅಷ್ಟು ಆರೋಗ್ಯವಾದ ಗೋಡೆಯನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿಲ್ಲ. ಮಿರಮಿರ ಮಿಂಚುತ್ತಿತ್ತು, ಉಬ್ಬಿಕೊಂಡಿತ್ತು, ಒಂದು ಕಡೆ ಮೂಟೆಯ ಮೂಲೆಯನ್ನೇ ಒಳಗೆ ಹಾಕಿಕೊಂಡು ಬೆಳೆದಿತ್ತು. ಗೋಡೆಯ ಬುಡದಲ್ಲಿ ನೆಲ್ಲಿಕಾಯಿಯ ಚರಟ ಒಣಗಿ ಅಂಟಿತ್ತು. ಮರುಳಪ್ಪನವರ ಹೆಂಡತಿ ದಾಕ್ಷಾಯಿಣಿ ಬಾಗಿಲಿನಲ್ಲಿ ನಿಂತು, "ಕೇಳಿ ಮೇಡಂ, ನೀವಾದ್ರೂ ಕೇಳಿ. ದಿನಾ ಬೆಳಿಗ್ಗೆ ಒಂದ್ ಚೊಂಬು ನೆಲ್ಲಿಕಾಯಿ ರಸ. ಹೆಂಡ್ತಿಗೆ ಒಂದ್ ಲೋಟ ಕೊಟ್ಟೋರಲ್ಲ, ಗೋಡೆ ಮುಂದೆ ಕೂತ್ಕೊಂಡು ಕುಡೀ ಕುಡೀ ಅಂತಾರೆ. ಅದರ ಮೈಗೆಲ್ಲ ಬಳೀತಾರೆ. ನನ್ನನ್ನ ಬಿಟ್ಟು ಆ ಗೋಡೇನೇ ಕಟ್ಕೋಬೇಕಿತ್ತು" ಎಂದರು.

ಮರುಳಪ್ಪನವರು ಕಿವಿಯವರೆಗೂ ಕೆಂಪಾದರು. "ಅವಳ ಮನೆ ಅಂತ ಅಲ್ಲ. ಆ ಕಡೆ ಬಿದ್ರೆ ಈ ಕಡೇನೂ ಬೀಳುತ್ತಲ್ಲ. ನನ್ನ ಹೋಟ್ಲು ನಾನು ನೋಡ್ಕೋಬೇಡ್ವಾ?" ಎಂದರು. ಹೋಟೆಲಿನ ಬೇರೆ ಮೂರು ಗೋಡೆಗಳಿಗೆ ಅವರು ಒಂದು ಹನಿಯನ್ನೂ ಸುರಿದಿರಲಿಲ್ಲ. ಸೋಮವಾರ ಅಧ್ಯಕ್ಷರು ಬರುವುದನ್ನೂ ಬಿರುಕು ಬಿಟ್ಟರೆ ಛತ್ರವೇ ಗತಿ ಎನ್ನುವುದನ್ನೂ ಹೇಳಿ, ಮುಂದಿನ ಬೀದಿಗೆ ಹೋಗಿ ಅಕ್ಕನನ್ನು ಒಮ್ಮೆ ನೋಡಿ ಬರಬಾರದೇ ಎಂದೆ. "ಬೀದಿ ಬಾಗಿಲಿಂದಾನಾ? ನಾನೇನು ನೆಂಟನಾ, ಚಂದಾ ಎತ್ತೋನಾ? ಹುಟ್ಟಿದ ಮನೆಗೆ ಬಾಗಿಲು ತಟ್ಟಿ ಹೋಗೋದಾ?" ಎಂದು ಮೂಟೆಯ ಮೇಲೆ ಕೂತುಬಿಟ್ಟರು.

ಕಲೆ ಗಟ್ಟಿ ಇದ್ದದ್ದೇಕೆ ಎನ್ನುವುದು ತಿಳಿಯಿತು. ಆದರೆ ಹೊನ್ನಕ್ಕನ ಅಡುಗೆಮನೆ ತುಂಬ ಹಣ್ಣು ಸೊಪ್ಪು ಇದ್ದೂ ಮನೆ ಸೊರಗಿದ್ದೇಕೆ? ಮಾರನೆಯ ದಿನ ಮೊದಲೇ ಹೇಳದೆ, ಅಡುಗೆಯ ಹೊತ್ತಿಗೆ ಸರಿಯಾಗಿ ಅವರ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಒಲೆಯ ಮೇಲೆ ತಾಮ್ರದ ಹಂಡೆ. ಮುಚ್ಚಳ ಇಲ್ಲ. ಒಳಗೆ ನುಗ್ಗೆಸೊಪ್ಪು, ಸೀಬೆ, ಸಿಪ್ಪೆ ಸಮೇತ ನಿಂಬೆ ಎಲ್ಲ ಒಟ್ಟಿಗೆ ಕುದ್ದು ಕುದ್ದು ಕಂದು ಬಣ್ಣದ ಪಾಯಸದಂತಾಗಿತ್ತು. ಹೊನ್ನಕ್ಕ ಡಬ್ಬಿಯಿಂದ ಚಮಚ ತುಂಬ ಸೋಡಾ ತೆಗೆದು ಸುರಿದರು. ಬುಸ್ಸೆಂದು ನೊರೆ ಬಂತು. ಆಮೇಲೆ ಗೂಡಿಗೆ ಒಂದು ಸೌಟು, ತಮ್ಮ ತಟ್ಟೆಗೆ ಒಂದು ಸೌಟು.

ನಾನು ಗೂಡಿನಿಂದ ಒಂದು ಹನಿ ತೆಗೆದು ನೀಲಿಗೆ ಬಿಟ್ಟೆ. ನೀಲಿ ನೀಲಿಯಾಗಿಯೇ ಇತ್ತು. ಇನ್ನಷ್ಟು ಹನಿ ಬಿಟ್ಟೆ. ಏನೂ ಆಗಲಿಲ್ಲ.

"ಹೊನ್ನಕ್ಕಾ, ಇದೇನಿದು!"

"ಯಾಕೆ, ತಪ್ಪಾಯ್ತಾ? ತಾಮ್ರ, ಸೋಡಾ, ಮುಚ್ಚಳ ತೆಗೆದು ಕುದಿಸೋದು. ನೀನೇ ಹೇಳಿದ್ದಲ್ವೇನಮ್ಮ? ಅಷ್ಟು ಜನರ ಮುಂದೆ ಎರಡೆರಡು ಸಲ ಕೇಳಿ ಖಾತ್ರಿ ಮಾಡ್ಕೊಂಡಿದ್ದೀನಿ."

"ಮಾಡಬೇಡಿ ಅಂತ ಹೇಳಿದ್ದು!"

"ಮಾಡ್ಬೇಡಿ ಅಂದ್ರೇನು, ಮಾಡಿದ್ರೆ ಹಿಂಗಾಗುತ್ತೆ ಅಂತ ತಾನೇ? ನನಗೆ ಹಿಂಗೇ ಆಗ್ಬೇಕಿತ್ತು" ಎಂದು ಹೊನ್ನಕ್ಕ ತಟ್ಟೆಯ ಮುಂದೆ ಕೂತರು. ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿ, ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸೆರಗು ತೆಗೆದಾಗ ಅದರಲ್ಲಿ ರಕ್ತದ ಕಲೆ ಕಂಡಿತು. ಮೊದಲ ದಿನ ನಗುವಾಗ ಅವರು ಬಾಯಿ ಮುಚ್ಚಿಕೊಂಡದ್ದೇಕೆ ಎಂದು ಆಗ ಗೊತ್ತಾಯಿತು. ವಸಡು ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು, ಮುಂದಿನ ಹಲ್ಲೊಂದು ಅಲ್ಲಾಡುತ್ತಿತ್ತು. ಸೀರೆಯ ಅಂಚಿನ ಕೆಳಗೆ ಕಣಕಾಲಿನಲ್ಲಿ ಕಪ್ಪು ಮಚ್ಚೆಗಳು. ಪೆಡಲು ತುಳಿಯಲು ಆಗದಿದ್ದದ್ದು ಅದಕ್ಕೇ. ಸೊರಗಿದ್ದು ಮನೆಯೊಂದೇ ಅಲ್ಲ, ಒಂದೇ ಪಾತ್ರೆಯಲ್ಲಿ ಉಂಡ ಇಬ್ಬರೂ ಸೊರಗಿದ್ದರು.

"ಆ ಬಾಗಿಲು ತೆರೀಬೇಕು" ಎಂದರು ಹೊನ್ನಕ್ಕ, ನಾನು ಕೇಳದಿದ್ದರೂ. "ಗೋಡೆಗೆ ಹಾರೆ ಮುಟ್ಟಿಸೋದು ಪಾಪ, ನಾನು ಮಾಡಲ್ಲ. ಹೋಟ್ಲ ಮುಂದಿನ ಬಾಗಿಲಿಗೆ ಹೋಗಿ ಗಿರಾಕಿ ಥರ ನಿಂತ್ಕೊಳ್ಳೋಕೂ ಆಗಲ್ಲ. ಅಂಟು ಬಿಟ್ರೆ ಹಳೇ ಗಾಯ ತಾನಾಗೇ ಬಿಚ್ಕೊಳ್ಳುತ್ತೆ ಅಂತ ನೀನಂದೆ. ಸರಿ, ಬಿಚ್ಕೊಳ್ಳಲಿ ಅಂತ ಹಟ ಹಿಡಿದೆ. ಎಲ್ಲಾ ಬಿಚ್ಕೊಳ್ತು, ಮೊಳೆ ತೂತೂ ಬಿಡಲಿಲ್ಲ. ಅದೊಂದು ಮಾತ್ರ ಮಿಸುಕ್ತಿಲ್ಲ. ಅವನಿಗೆ ನನ್ನ ಮೇಲಿರೋ ಸಿಟ್ಟೇ ಆ ಗೋಡೇನ ಹಿಡ್ಕೊಂಡಿರೋದು."

"ಸಿಟ್ಟಲ್ಲ, ನೆಲ್ಲಿಕಾಯಿ" ಎಂದು ನಾನು ಉಗ್ರಾಣದಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಹೊನ್ನಕ್ಕ ತುತ್ತು ಹಿಡಿದ ಕೈಯನ್ನು ಹಾಗೆಯೇ ಇಟ್ಟುಕೊಂಡು ಕೇಳಿದರು. "ದಿನಾನಾ?" ಎಂದರು. "ದಿನಾ, ಒಂದು ಚೊಂಬು." "ಅವನೇ ಹಿಂಡ್ತಾನಾ?" "ಅವರೇ." ಹೊನ್ನಕ್ಕ ತುತ್ತನ್ನು ತಟ್ಟೆಗೆ ಬಿಟ್ಟು, "ಅಯ್ಯೋ ದಡ್ಡ ಮುಂಡೇದೇ! ನಾನಿಲ್ಲಿ ಹಲ್ಲು ಉದುರಿಸ್ಕೊಂಡು ತೆಗೀತಿದ್ದೀನಿ, ಅವನಲ್ಲಿ ಚೊಂಬು ಹಿಡ್ಕೊಂಡು ಮುಚ್ತಿದಾನೆ!" ಎಂದು ಹಣೆ ಚಚ್ಚಿಕೊಂಡು ನಕ್ಕರು. ಈ ಸಲ ಬಾಯಿ ಮುಚ್ಚಿಕೊಳ್ಳಲಿಲ್ಲ.

ನನ್ನ ಚೀಲದಲ್ಲಿದ್ದ ಸೀಬೆಹಣ್ಣನ್ನು ನನ್ನದೇ ಚಾಕುವಿನಿಂದ ತೆಳ್ಳಗೆ ಕತ್ತರಿಸಿ ಮುಂದೆ ಹಿಡಿದೆ. ಜಗಲಿಗೆ ಬಂದು ತಿನ್ನಿ, ಬೇರೆ ಕಡೆ ಹೆಚ್ಚಿದ ಹಣ್ಣಿಗೂ ನಿಮ್ಮ ಗೋಡೆಗೂ ಸಂಬಂಧವಿಲ್ಲ ಎಂದೆ. ಅವರು ತಲೆಯಾಡಿಸಿದರು. "ಮನೆ ಉಪವಾಸ ಇರೋವಾಗ ನಾನು ಜಗಲೀಲಿ ಕೂತು ಹಣ್ಣು ತಿನ್ನೋದಾ? ಅದರ ಜೊತೆ ಇಷ್ಟು ವರ್ಷ ಉಂಡಿದ್ದೀನಿ. ಆಗಲ್ಲ ಕಣಮ್ಮ." "ಇನ್ನೂ ಹೀಗೇ ಬಿಟ್ಟರೆ ಪ್ರಾಣಕ್ಕೇ ಅಪಾಯ, ಹೊನ್ನಕ್ಕ. ಹೆದರಿಸೋಕೆ ಹೇಳ್ತಿಲ್ಲ." "ಹಂಗಾದ್ರೆ ಓಡು. ಆ ದಡ್ಡನಿಗೆ ಚೊಂಬು ಕೆಳಗಿಡೋಕೆ ಹೇಳು."

ಓಡಿದೆ. ಮರುಳಪ್ಪನವರು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಕೂಗಾಡಿದರು. "ನಿಲ್ಲಿಸಿದ್ರೆ ಗೋಡೆ ಸೀಳುತ್ತೆ. ಸೋಮವಾರ ನಿಮ್ಮ ಅಧ್ಯಕ್ಷರು ಬಂದು ಅಕ್ಕನ್ನ ಛತ್ರಕ್ಕೆ ಹಾಕ್ತಾರೆ. ನೀವೇ ತಾನೇ ಹೇಳಿದ್ದು?" ಇದರಲ್ಲಿ ಸತ್ಯವಿತ್ತು. ಅಧ್ಯಕ್ಷರ ಕಣ್ಣಿಗೆ ಆಳು ಅಗಲದ ತೆರವು ಎಂದರೆ ಬಿರುಕು, ಬಿರುಕು ಎಂದರೆ ಛತ್ರ. ಆದರೆ ಅದೇ ತೆರವನ್ನು ಒಬ್ಬ ಮನುಷ್ಯ ದಾಟಿದರೆ ಅದು ಬಾಗಿಲು. ಬಾಗಿಲು ಇರುವುದಕ್ಕೆ ಯಾವ ಮನೆಯನ್ನೂ ಖಾಲಿ ಮಾಡಿಸುವುದಿಲ್ಲ. "ಅಂದ್ರೆ ನಾನು ದಾಟಬೇಕಾ?" ಎಂದರು. "ಅಥವಾ ಅವರು." "ಅವಳು ಬರಲಿ. ಮಾತು ಬಿಟ್ಟಿದ್ದು ಅವಳು." ದಾಕ್ಷಾಯಿಣಿ ಚೊಂಬನ್ನು ಕಿತ್ತುಕೊಂಡು ಅಲ್ಲಿಯೇ ಉಳಿದ ರಸವನ್ನು ಗಟಗಟ ಕುಡಿದುಬಿಟ್ಟರು. "ಬಾಯಿ ಮಾತಿಗೇನು, ಸೋಮವಾರ ನೋಡೋಣ" ಎಂದು ತುಟಿ ಒರೆಸಿಕೊಂಡರು.

ಮಾರನೆಯ ಬೆಳಿಗ್ಗೆಯಿಂದ ಉಗ್ರಾಣಕ್ಕೆ ಚೊಂಬು ಹೋಗಲಿಲ್ಲ. ಎರಡು ದಿನ ಏನೂ ಆಗಲಿಲ್ಲ. ಆಮೇಲೆ ಕಲೆಯ ಮಿಂಚು ಹೋಯಿತು. ಭಾನುವಾರ ಅದರ ನಡುವೆ ಉದ್ದಕ್ಕೆ ಒಂದು ಗೆರೆ ಕಾಣಿಸಿತು. ಸೋಮವಾರ ಬೆಳಿಗ್ಗೆ ನಾನೂ ಗುರುಪಾದಪ್ಪನವರೂ ಹೋಗುವ ಹೊತ್ತಿಗೆ ಗೋಡೆ ನೆಲದಿಂದ ಎದೆಯ ಎತ್ತರಕ್ಕೂ ಬಾಯಿ ಬಿಟ್ಟುಕೊಂಡು, ಅಂಚುಗಳಲ್ಲಿ ಕೆಂಪಗೆ ತೇವವಾಗಿ ನಿಂತಿತ್ತು. ಹೊನ್ನಕ್ಕ ಈ ಕಡೆ ಮಣೆ ಹಾಕಿಕೊಂಡು ಕೂತಿದ್ದರು. ಹಲ್ಲು ಇನ್ನೂ ಉದುರಿರಲಿಲ್ಲ. ಆ ಕಡೆ ಮೆಣಸಿನಕಾಯಿ ಮೂಟೆಯ ಮೇಲೆ ಮರುಳಪ್ಪನವರು, ತೊಡೆಯ ಮೇಲೆ ಒಂದು ಬಟ್ಟಲು ಇಟ್ಟುಕೊಂಡು. ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ಉಳಿದದ್ದನ್ನೆಲ್ಲ ನೋಡುತ್ತಿದ್ದರು.

ಗುರುಪಾದಪ್ಪನವರು ಮೃದು ಸ್ವಭಾವದವರು, ಆದರೆ ನಿಯಮವೆಂದರೆ ನಿಯಮ. ಕೋಲಿನಿಂದ ಅಗಲ ಅಳೆದರು. "ಹೊನ್ನಕ್ಕ, ಇದು ಆಳು ಅಗಲ ಇದೆ. ನಾನೇನು ಮಾಡ್ಲಿ?" "ಬಾಗಿಲು ಸಾರ್ ಅದು" ಎಂದೆ. "ಯಾರು ದಾಟಿದ್ದಾರೆ?" "ಇನ್ನೂ ಯಾರೂ ಇಲ್ಲ." "ಹಂಗಾದ್ರೆ ಬಿರುಕು." ಅವರು ಗಂಟಲು ಸರಿಮಾಡಿಕೊಂಡು ಆ ಕಡೆಗೂ ಕೇಳುವಂತೆ, "ಯಾರಾದ್ರೂ ದಾಟೋರಿದ್ರೆ ನಾನು ಸ್ವಲ್ಪ ಕಾಯ್ತೀನಿ. ನನಗೇನು ಅವಸರ ಇಲ್ಲ" ಎಂದು ಕಿಟಕಿಯ ಹೊರಗೆ ನೋಡುತ್ತಾ ನಿಂತರು.

"ದೊಡ್ಡೋರು ದಾಟಲಿ, ದಾರಿ ಬಿಟ್ಟಿದ್ದೀನಿ" ಎಂದು ಮೂಟೆಯ ಕಡೆಯಿಂದ ಮಾತು ಬಂತು.

"ಸಣ್ಣೋರು ಮೊದಲು ಬರೋದು ಮರ್ಯಾದೆ" ಎಂದು ಹೊನ್ನಕ್ಕ ನನಗೆ ಹೇಳಿದರು.

"ಸಣ್ಣೋನಲ್ಲ, ದಪ್ಪ ಆಗಿದ್ದೀನಿ. ಹಿಡಿಸಲ್ಲ ಅಂತ ಹೇಳಿ ಅವರಿಗೆ."

"ಗಿರಾಕಿಗಳಿಗೆ ಬಡಿಸಿದ್ದರಲ್ಲಿ ಅರ್ಧ ತಾನೇ ತಿಂದ್ರೆ ಇನ್ನೇನಾಗುತ್ತೆ ಅಂತ ನೀನೂ ಹೇಳಮ್ಮ."

ಬಿರುಕಿನಿಂದ ಒಂದು ಕೈ ಈ ಕಡೆ ಚಾಚಿತು. ಕೈಯಲ್ಲಿ ಬಟ್ಟಲು, ಬಟ್ಟಲಲ್ಲಿ ಬೀಜ ತೆಗೆದು ನುಣ್ಣಗೆ ಹಿಸುಕಿದ ಸೀಬೆಹಣ್ಣು. ಹಲ್ಲಿಲ್ಲದವರೂ ನುಂಗಬಹುದಾದಷ್ಟು ನುಣ್ಣಗೆ. ಗುರುಪಾದಪ್ಪನವರು ಕಿಟಕಿಯಿಂದ ತಿರುಗದೆಯೇ, "ಕೈ ಮನುಷ್ಯ ಅಲ್ಲ" ಎಂದರು.

ಹೊನ್ನಕ್ಕ ಬಟ್ಟಲು ತೆಗೆದುಕೊಳ್ಳಲು ಎದ್ದರು. ಎದ್ದವರು ಒಂದು ಹೆಜ್ಜೆ ಇಟ್ಟರು, ಎರಡನೆಯದಕ್ಕೆ ಮಂಡಿ ಮಡಚಿಕೊಂಡಿತು. ನಾನು ಹಿಡಿಯುವಷ್ಟರಲ್ಲಿ ನೆಲದ ಮೇಲೆ ಕುಸಿದಿದ್ದರು. "ಏನಿಲ್ಲ, ಏನಿಲ್ಲ" ಎನ್ನುತ್ತಿದ್ದರು, ಆದರೆ ಮುಖದಲ್ಲಿ ರಕ್ತವಿರಲಿಲ್ಲ.

"ಅಕ್ಕಾ!"

ಮರುಳಪ್ಪನವರು ಆ ಬಿರುಕಿನಲ್ಲಿ ಹೇಗೆ ಹಿಡಿಸಿದರು ಎನ್ನುವುದನ್ನು ನಾನು ವೈಜ್ಞಾನಿಕವಾಗಿ ವಿವರಿಸಲಾರೆ. ಹೊಟ್ಟೆ ಒಂದು ಕಡೆ, ಭುಜ ಒಂದು ಕಡೆ, ಅಂಗಿಯ ಗುಂಡಿಗಳು ಇನ್ನೊಂದು ಕಡೆ. ಸೊರಗಿದ ಗೋಡೆ ಬಗ್ಗಿತು, ಎದೆಯ ಮೇಲೆ ಸುಣ್ಣ ಮೆತ್ತಿಸಿಕೊಂಡು ಅವರು ಈ ಕಡೆ ಬಂದು ಬಿದ್ದರು. ಬಟ್ಟಲನ್ನು ಮಾತ್ರ ಚೆಲ್ಲಿರಲಿಲ್ಲ. ಅಕ್ಕನ ಬೆನ್ನಿಗೆ ಕೈ ಕೊಟ್ಟು ಎತ್ತಿ ಕೂರಿಸಿ, ಚಮಚ ತುಂಬಿ ಬಾಯಿಯ ಹತ್ತಿರ ಹಿಡಿದರು.

ಹೊನ್ನಕ್ಕ ತುಟಿ ಬಿಗಿದುಕೊಂಡರು. "ಮೊದಲು ಗೋಡೆಗೆ."

"ಗೋಡೆ ನನ್ನ ಕೈಲಿ ಬೇಕಾದಷ್ಟು ಕುಡಿದಿದೆ. ಇವತ್ತು ಮೊದಲು ನೀನು."

ಊರಿನಲ್ಲಿ ಯಾರೂ ಮಾಡದ ಕೆಲಸ ಅದು. ಅಧ್ಯಕ್ಷರು ಕಿಟಕಿಯ ಹೊರಗೆ ಯಾವುದೋ ಕಾಗೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಹೊನ್ನಕ್ಕ ತಮ್ಮನ ಮುಖ ನೋಡಿದರು, ಸುಣ್ಣ ಮೆತ್ತಿದ ಅಂಗಿ ನೋಡಿದರು, ಬಾಯಿ ತೆರೆದರು. ಒಂದು ಚಮಚ. ಇನ್ನೊಂದು. ವಸಡಿಗೆ ಉರಿ ಹತ್ತಿ ಕಣ್ಣಲ್ಲಿ ನೀರು ಬಂತು, ಆದರೂ ಮೂರನೆಯದಕ್ಕೆ ತಾವೇ ಚಮಚ ಕಿತ್ತುಕೊಂಡರು. ಅಂಟು ತಪ್ಪಿದ ಮೈ ಅದಕ್ಕೆ ಎಷ್ಟು ಬೇಗ ಸ್ಪಂದಿಸುತ್ತದೆ ಎಂದು ಪುಸ್ತಕಗಳಲ್ಲಿ ಓದಿದ್ದೇನೆ: ಸುಸ್ತು ಒಂದೆರಡು ದಿನದಲ್ಲಿ, ವಸಡಿನ ರಕ್ತ ಕೆಲವು ದಿನದಲ್ಲಿ, ಕಲೆಗಳು ಕೆಲವು ವಾರದಲ್ಲಿ. ಹೊನ್ನಕ್ಕನಿಗೆ ಅಷ್ಟು ಹೊತ್ತೂ ಬೇಕಾಗಲಿಲ್ಲ. ಬಟ್ಟಲು ಅರ್ಧವಾಗುವಷ್ಟರಲ್ಲಿ, "ಉಪ್ಪು ಹಾಕಿಲ್ಲ" ಎಂದರು.

"ವಸಡು ಉರಿಯುತ್ತೆ ಅಂತ ಹಾಕಲಿಲ್ಲ."

"ಹಾಕಬೇಕಿತ್ತು."

ಗುರುಪಾದಪ್ಪನವರು ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. "ಬಾಗಿಲು" ಎಂದು ನನಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಉಳಿದ ಸೀಬೆಯನ್ನು ಹೊನ್ನಕ್ಕ ಗೂಡಿಗೆ ಹಾಕಿಸಿದರು. ಮನೆ ಅದನ್ನು ಸದ್ದು ಮಾಡಿಕೊಂಡು ಹೀರಿತು. ದಪ್ಪಗಿದ್ದ ಆ ತಮ್ಮ ಗೋಡೆಗೆ ಒರಗಿ, ಕಾಲು ಚಾಚಿ, ಅಕ್ಕನ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟರು. ನಾನು ಬಾಟಲಿಗಳನ್ನು ತೊಳೆದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಹೋಟೆಲಿನ ಕಡೆಯಿಂದ ದಾಕ್ಷಾಯಿಣಿಯ ದನಿ ಕೇಳಿಸಿತು. "ರೀ! ಕಾವಲಿ ಮೇಲೆ ದೋಸೆ ಹುಯ್ದಿದೀನಿ, ಬಂದು ಎಬ್ಬಿಸಿ, ಎಲ್ಲಿ ಸತ್ರಿ? ಗಿರಾಕಿಗಳು ಕೂಗ್ತಿದಾರೆ!"

ಮರುಳಪ್ಪನವರು ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಆ ತೆರವಿನಿಂದ ಸಣ್ಣಗೆ ಹೊಗೆ ಬಂತು, ಅದರ ಹಿಂದೆ ವಾಸನೆ. ಹೊನ್ನಕ್ಕ ಮೂಗೆತ್ತಿ ಒಮ್ಮೆ ಆಳವಾಗಿ ಎಳೆದುಕೊಂಡರು.

"ನಿನ್ನ ದೋಸೆ ಸೀದುಹೋಯ್ತು ಕಣೋ."

"ಹೋಗ್ಲಿ ಬಿಡೇ ಅಕ್ಕ."